ತಿಂಗಳಿಗೆ 150 ಡಾಲರ್: ಜಾಕ್ಸನ್ ಪೊಲಾಕ್ ಮತ್ತು ಪೆಗ್ಗಿ ಗುಗೆನ್‌ಹೈಮ್ ಗ್ಯಾಲರಿಯ ಕರಾರು

1943ರ ಜುಲೈಯಲ್ಲಿ ಪೆಗ್ಗಿ ಗುಗೆನ್‌ಹೈಮ್ ನಡೆಸುತ್ತಿದ್ದ ನ್ಯೂಯಾರ್ಕಿನ ‘ಆರ್ಟ್ ಆಫ್ ದಿಸ್ ಸೆಂಚುರಿ’ ಗ್ಯಾಲರಿ ಚಿತ್ರಕಾರ ಜಾಕ್ಸನ್ ಪೊಲಾಕ್ ಜೊತೆ ಒಂದು ವರ್ಷದ ಕರಾರು ಮಾಡಿಕೊಂಡಿತು. ತಿಂಗಳಿಗೆ 150 ಡಾಲರ್. ಆಗ ಪೊಲಾಕ್‌ಗೆ 31 ವರ್ಷ. ಅದುವರೆಗೆ ಒಂದೂ ಏಕವ್ಯಕ್ತಿ ಪ್ರದರ್ಶನ ಆಗಿರಲಿಲ್ಲ, ಸಂಗ್ರಹಕಾರರ ವಲಯದಲ್ಲಿ ಹೆಸರೂ ಇರಲಿಲ್ಲ. ಚಿತ್ರಕಾರನಿಗೆ ಮಾಸಿಕ ಹಣ ಕೊಟ್ಟು ಕೃತಿಗಳ ಮೇಲೆ ಹಕ್ಕು ಪಡೆಯುವುದು ಪ್ಯಾರಿಸ್ಸಿನ ವ್ಯಾಪಾರಿಗಳಿಗೆ ಹಳೆಯ ರೂಢಿ. ನ್ಯೂಯಾರ್ಕಿನಲ್ಲಿ, ಅದೂ ಹೊಸಬ ಅಮೆರಿಕನ್ ಚಿತ್ರಕಾರನಿಗೆ, ಅಪರೂಪ.

ನಾಲ್ಕೂವರೆ ವರ್ಷದ ಬಳಿಕ ಈ ಸಂಬಂಧ ಮುಗಿಯುವ ಹೊತ್ತಿಗೆ ಪೊಲಾಕ್ ನೆಲದ ಮೇಲೆ ಕ್ಯಾನ್ವಾಸ್ ಹಾಸಿ ಬಣ್ಣ ಸುರಿಯುವ ತನ್ನ ವಿಧಾನವನ್ನು ಕಂಡುಕೊಂಡಿದ್ದ. ಆ ವಿಧಾನದ ಮೊದಲ ಫಸಲಿನ ಬಹುಪಾಲು ಮಾತ್ರ ಅವನ ಸ್ವತ್ತಾಗಿರಲಿಲ್ಲ. ಬೆಳವಣಿಗೆಗೆ ಬೇಕಾದ ಬಿಡುವು, ಗೋಡೆ, ಕೊಟ್ಟಿಗೆ ಎಲ್ಲವನ್ನೂ ಒದಗಿಸಿದ್ದು ಆ ಕರಾರೇ. ಬೆಳೆದದ್ದನ್ನು ಅವನ ಕೈಯಿಂದ ತೆಗೆದುಕೊಂಡದ್ದೂ ಅದೇ.

ಕರಾರಿಗೆ ಮೊದಲು

ಪೊಲಾಕ್ ಹುಟ್ಟಿದ್ದು 1912ರ ಜನವರಿ 28ರಂದು, ಅಮೆರಿಕದ ಪಶ್ಚಿಮದ ವಯೋಮಿಂಗ್ ರಾಜ್ಯದ ಕೋಡಿಯಲ್ಲಿ. ಬೆಳೆದದ್ದು ಅರಿಜೋನಾ, ಕ್ಯಾಲಿಫೋರ್ನಿಯಾಗಳಲ್ಲಿ. 1930ರಲ್ಲಿ ನ್ಯೂಯಾರ್ಕಿಗೆ ಬಂದು ಆರ್ಟ್ ಸ್ಟೂಡೆಂಟ್ಸ್ ಲೀಗ್‌ನಲ್ಲಿ ಥಾಮಸ್ ಹಾರ್ಟ್ ಬೆಂಟನ್ ಬಳಿ ಕಲಿತ. ಬೆಂಟನ್ ಹೊಲಗದ್ದೆ, ರೈಲು, ಕೂಲಿಯವರನ್ನು ಬರೆಯುತ್ತಿದ್ದ ವಾಸ್ತವವಾದಿ. ಶಿಷ್ಯನಿಗೆ ದಕ್ಕಿದ್ದು ಅವನ ವಿಷಯಗಳಲ್ಲ, ಸಂಯೋಜನೆಯ ಒಂದು ಪಾಠ: ಚಿತ್ರದುದ್ದಕ್ಕೂ ಕಾಣದ ಲಂಬ ಕಂಬಗಳನ್ನು ನೆಟ್ಟುಕೊಂಡು, ಪ್ರತಿ ಕಂಬದ ಸುತ್ತ ಉಬ್ಬುತಗ್ಗುಗಳು ಬಳಸಿ ಹರಿಯುವಂತೆ ಮಾಡುವುದು. ಆಕೃತಿಗಳನ್ನೆಲ್ಲ ತೆಗೆದುಹಾಕಿದರೂ ಈ ಲಯ ಉಳಿಯುತ್ತದೆ. ಪೊಲಾಕ್ ಮುಂದೆ ಮಾಡಿದ್ದು ಬಹುಮಟ್ಟಿಗೆ ಅದನ್ನೇ.

1936ರಲ್ಲಿ ಮೆಕ್ಸಿಕೋದ ಭಿತ್ತಿಚಿತ್ರಕಾರ ಸಿಕೇರೋಸ್ ನ್ಯೂಯಾರ್ಕಿನಲ್ಲಿ ನಡೆಸಿದ ಪ್ರಯೋಗ ಕಾರ್ಯಾಗಾರದಲ್ಲಿ ಪೊಲಾಕ್ ಕೆಲಸ ಮಾಡಿದ. ಕಾರಿಗೆ ಬಳಿಯುವ ನೈಟ್ರೋಸೆಲ್ಯುಲೋಸ್ ಲ್ಯಾಕರ್, ಸ್ಪ್ರೇ ಗನ್, ನೆಲದ ಮೇಲೆ ಮಲಗಿಸಿದ ಹಲಗೆ, ಸುರಿದ ಬಣ್ಣ ಎಲ್ಲವನ್ನೂ ಅವನು ಅಲ್ಲಿಯೇ ನೋಡಿದ್ದ. ಹಾಗಾಗಿ 1947ರಲ್ಲಿ ಅವನಿಗೆ ಸುರಿಯುವ ತಂತ್ರ ಇದ್ದಕ್ಕಿದ್ದಂತೆ ಹೊಳೆಯಿತು ಎನ್ನುವ ಕಥೆಯನ್ನು ಪಕ್ಕಕ್ಕಿಡಬಹುದು. ತಂತ್ರ ಹನ್ನೊಂದು ವರ್ಷ ಮೊದಲೇ ಕೈಗೆಟುಕಿತ್ತು. ಇಲ್ಲದಿದ್ದದ್ದು ಅದನ್ನು ತನ್ನದಾಗಿಸಿಕೊಳ್ಳುವಷ್ಟು ಬಿಡುವು ಮತ್ತು ಜಾಗ.

ಸರ್ಕಾರದ ಫೆಡರಲ್ ಆರ್ಟ್ ಪ್ರಾಜೆಕ್ಟ್ 1935ರಿಂದ ಅವನನ್ನು ಸಾಕಿತ್ತು. ನ್ಯೂಯಾರ್ಕಿನ ಚಿತ್ರಕಾರರಿಗೆ ಅದು ಕೊಡುತ್ತಿದ್ದದ್ದು ವಾರಕ್ಕೆ ಸುಮಾರು 24 ಡಾಲರ್. ಯುದ್ಧ ಬಂದು ಆ ಯೋಜನೆ ಮುಚ್ಚಿತು. 1943ರಲ್ಲಿ ಪೊಲಾಕ್ ಸಾಲೊಮನ್ ಗುಗೆನ್‌ಹೈಮ್ ಅವರ ಮ್ಯೂಸಿಯಂ ಆಫ್ ನಾನ್-ಆಬ್ಜೆಕ್ಟಿವ್ ಪೇಂಟಿಂಗ್‌ನಲ್ಲಿ ಕೈಕೆಲಸದವನಾಗಿ ಸೇರಿದ್ದ. ಚೌಕಟ್ಟು ಮಾಡುವುದು, ಸಣ್ಣಪುಟ್ಟ ಮರಗೆಲಸ. ಆ ಸಾಲೊಮನ್‌ನ ತಮ್ಮನ ಮಗಳೇ ಪೆಗ್ಗಿ. ಚಿಕ್ಕ ಕೆಲಸ ಕೊಟ್ಟದ್ದು ದೊಡ್ಡಪ್ಪನ ಮ್ಯೂಸಿಯಂ, ಅದನ್ನು ಬಿಡಿಸಿದ್ದು ಮಗಳ ಗ್ಯಾಲರಿ.

57ನೇ ಬೀದಿಯ ಏಳನೇ ಮಹಡಿ

ಪೆಗ್ಗಿಯ ಗ್ಯಾಲರಿ 1942ರ ಅಕ್ಟೋಬರ್ 20ರಂದು 30, ವೆಸ್ಟ್ 57ನೇ ಬೀದಿಯಲ್ಲಿ ತೆರೆಯಿತು. ಒಳವಿನ್ಯಾಸ ವಾಸ್ತುಶಿಲ್ಪಿ ಫ್ರೆಡರಿಕ್ ಕೀಸ್ಲರ್‌ನದು. ಸರ್ರಿಯಲಿಸ್ಟ್, ಅಂದರೆ ಕನಸಿನಂಥ ಚಿತ್ರಗಳ, ಕೋಣೆಯಲ್ಲಿ ಬಾಗಿದ ಮರದ ಗೋಡೆಗಳು, ಅವುಗಳಿಂದ ಚಾಚಿದ ಕೋಲುಗಳ ತುದಿಯಲ್ಲಿ ಚೌಕಟ್ಟಿಲ್ಲದ ಚಿತ್ರಗಳು. ಪತ್ರಿಕೆಗಳು ಬರೆದದ್ದು ಹೆಚ್ಚಾಗಿ ಈ ವಿಚಿತ್ರಗಳ ಬಗ್ಗೆಯೇ. ಪೊಲಾಕ್‌ನ ಮಟ್ಟಿಗೆ ಮುಖ್ಯವಾದದ್ದು ಯಾರೂ ಹೆಚ್ಚು ಗಮನಿಸದ ಇನ್ನೊಂದು ಕೋಣೆ. ಅದರಲ್ಲಿ ಬೀದಿ ಕಡೆಯ ಕಿಟಕಿಯ ಬೆಳಕು, ಸಾದಾ ಗೋಡೆ, ತಾತ್ಕಾಲಿಕ ಪ್ರದರ್ಶನಗಳಿಗೆಂದೇ ಮೀಸಲು. ಪ್ರಚಾರ ತಂದದ್ದು ಮ್ಯೂಸಿಯಂನಂಥ ಸಂಗ್ರಹ. ಹೊಸಬರನ್ನು ತೂಗುಹಾಕಿದ್ದು ಆ ಕೋಣೆಯಲ್ಲಿ.

ಹೊಸಬರನ್ನು ಒಳಗೆ ತರಲು ಗ್ಯಾಲರಿ ಹಿಡಿದ ಕ್ರಮ ಜಾಣತನದ್ದು. 1943ರ ಏಪ್ರಿಲ್‌ನಲ್ಲಿ ಕೊಲಾಜ್ (ತುಂಡುಗಳನ್ನು ಅಂಟಿಸಿ ಮಾಡುವ ಚಿತ್ರ) ಪ್ರದರ್ಶನ: ಪೊಲಾಕ್, ಮದರ್‌ವೆಲ್, ಬಾಜಿಯೋಟಸ್ ಮುಂತಾದವರಿಗೆ ಒಂದೊಂದು ಸಣ್ಣ ಅವಕಾಶ, ಯಾರಿಗೂ ನಷ್ಟವಿಲ್ಲ. ಮೇ ತಿಂಗಳಲ್ಲಿ 35 ವರ್ಷದೊಳಗಿನವರ ಸ್ಪ್ರಿಂಗ್ ಸಲೋನ್ ಎಂಬ ಪ್ರದರ್ಶನ, ಅದಕ್ಕೊಂದು ಆಯ್ಕೆ ಸಮಿತಿ. ಸಮಿತಿಯಲ್ಲಿ ಕಲಾವಿದರಾದ ಮೊಂಡ್ರಿಯಾನ್, ಡ್ಯುಶಾಂ, ವಿಮರ್ಶಕ ಜೇಮ್ಸ್ ಜಾನ್ಸನ್ ಸ್ವೀನಿ, ಗ್ಯಾಲರಿಯ ಸಲಹೆಗಾರ ಹೋವರ್ಡ್ ಪುಟ್ಜೆಲ್, ಪೆಗ್ಗಿ ಮೊದಲಾದವರು. ಪೊಲಾಕ್ ಕೊಟ್ಟಿದ್ದು ‘ಸ್ಟೆನೋಗ್ರಾಫಿಕ್ ಫಿಗರ್’, ಸುಮಾರು 102 × 142 ಸೆಂಟಿಮೀಟರಿನ ಕ್ಯಾನ್ವಾಸ್. ಪೆಗ್ಗಿಗೆ ಅದು ಹಿಡಿಸಿರಲಿಲ್ಲ. ಗೆರೆ ಎಳೆದಂತೆ ಶಿಸ್ತಿನ ಚಿತ್ರ ಮಾಡುವ ಮೊಂಡ್ರಿಯಾನ್ ಅದರ ಮುಂದೆ ನಿಂತು, ಅಮೆರಿಕದಲ್ಲಿ ತಾನು ಇದುವರೆಗೆ ನೋಡಿದ್ದರಲ್ಲಿ ಇದು ಅತ್ಯಂತ ಕುತೂಹಲದ್ದು ಎಂಬರ್ಥದ ಮಾತಾಡಿದ ಮೇಲೆ ಅವಳು ಮನಸ್ಸು ಬದಲಿಸಿದಳು. ಪೆಗ್ಗಿಗೆ ಕಣ್ಣಿರಲಿಲ್ಲ, ಕಿವಿಯಿತ್ತು ಎಂದು ಆಡಿಕೊಳ್ಳುವವರು ಆಗಲೂ ಇದ್ದರು, ಈಗಲೂ ಇದ್ದಾರೆ. ಯಾರ ಮಾತಿಗೆ ಕಿವಿ ಕೊಡಬೇಕು ಎಂದು ತಿಳಿಯುವುದೂ ಗ್ಯಾಲರಿ ನಡೆಸುವವರಿಗೆ ಬೇಕಾದ ವಿದ್ಯೆಯೇ. ಪುಟ್ಜೆಲ್, ಡ್ಯುಶಾಂ, ಸ್ವೀನಿ ಮೂವರ ಮಾತನ್ನೂ ಅವಳು ಸರಿಯಾದ ಹೊತ್ತಿನಲ್ಲಿ ಕೇಳಿದಳು.

2,700 ಎಂಬ ಅಂಕೆ

ಮೊದಲ ಕರಾರಿನ ಲೆಕ್ಕ ಹೀಗಿತ್ತು. ತಿಂಗಳಿಗೆ 150, ವರ್ಷಕ್ಕೆ 1,800 ಡಾಲರ್. ಮಾರಾಟದ ಮೇಲೆ ಗ್ಯಾಲರಿಗೆ ಮೂರನೇ ಒಂದು ಪಾಲು. ವರ್ಷದ ಮಾರಾಟ 2,700 ಡಾಲರ್ ದಾಟಿದರೆ ಪೊಲಾಕ್‌ಗೆ ಹೆಚ್ಚುವರಿ ಹಣ. ದಾಟದಿದ್ದರೆ ಕೊರತೆಯನ್ನು ಚಿತ್ರಗಳ ರೂಪದಲ್ಲಿ ಪೆಗ್ಗಿಗೆ ತುಂಬಿಕೊಡಬೇಕು.

2,700 ಎಲ್ಲಿಂದ ಬಂತು? ಅದರ ಮೂರನೇ ಒಂದು ಭಾಗ 900 ಗ್ಯಾಲರಿಗೆ ಹೋದರೆ ಉಳಿಯುವುದು ಸರಿಯಾಗಿ 1,800. ಅಂದರೆ ಗ್ಯಾಲರಿ ಮುಂಗಡವಾಗಿ ಕೊಟ್ಟದ್ದು ಚಿತ್ರಕಾರನ ಪಾಲಿನಲ್ಲಿ ಚುಕ್ತಾ ಆಗುವ ಬಿಂದು ಅದು. ಕರಾರಿನಲ್ಲಿ ದಾನದ ಮಾತಿಲ್ಲ. ಮಾರಾಟವಾದರೆ ಅದು ಮುಂಗಡ, ಆಗದಿದ್ದರೆ ಚಿತ್ರಗಳ ಸಗಟು ಖರೀದಿ. ನಗದಿನ ಅಪಾಯ ಪೂರ್ತಿ ಪೆಗ್ಗಿಯದು, ಆದರೆ ಕೃತಿಗಳ ಬೆಲೆ ಮುಂದೆ ಏರಿದರೆ ಆ ಲಾಭವೂ ಪೂರ್ತಿ ಅವಳದೇ. ಎರಡನೆಯದರ ತೂಕ 1943ರಲ್ಲಿ ಯಾರಿಗೂ ಕಂಡಿರಲಿಲ್ಲ. ಪೊಲಾಕ್ ಚಿತ್ರಕ್ಕೆ ಮುಂದೆ ಬೆಲೆ ಬರುತ್ತದೆ ಎಂದು ಪೆಗ್ಗಿಯೂ ನಂಬಿದ್ದಳೋ ಇಲ್ಲವೋ ಎನ್ನುವುದಕ್ಕೆ, ಅವಳು ಮುಂದೆ ಅವನ್ನು ಹಂಚಿದ ರೀತಿಯೇ ಉತ್ತರ.

ಅದೇ ವರ್ಷದ ನವೆಂಬರ್ 9ರಿಂದ 27ರವರೆಗೆ ಮೊದಲ ಏಕವ್ಯಕ್ತಿ ಪ್ರದರ್ಶನ. ರೇಖಾಚಿತ್ರಗಳಿಗೆ 25 ಡಾಲರಿನಿಂದ ಹಿಡಿದು ‘ಗಾರ್ಡಿಯನ್ಸ್ ಆಫ್ ದಿ ಸೀಕ್ರೆಟ್’ಗೆ 750ರವರೆಗೆ ಬೆಲೆ. ಈ ಪಟ್ಟಿಯನ್ನು 2,700ರ ಪಕ್ಕ ಇಟ್ಟು ನೋಡಿದರೆ ಗುರಿ ಎಷ್ಟು ದೂರವಿತ್ತು ಎಂದು ತಿಳಿಯುತ್ತದೆ: ದೊಡ್ಡ ಕ್ಯಾನ್ವಾಸುಗಳು ವರ್ಷಕ್ಕೆ ನಾಲ್ಕೈದಾದರೂ ಹೋಗಬೇಕು. ಪ್ರದರ್ಶನದಲ್ಲಿ ದೊಡ್ಡದೇನೂ ಮಾರಾಟವಾಗಲಿಲ್ಲ. ಆದರೆ ವಿಮರ್ಶಕ ಕ್ಲೆಮೆಂಟ್ ಗ್ರೀನ್‌ಬರ್ಗ್ ‘ದಿ ನೇಷನ್’ ಪತ್ರಿಕೆಯಲ್ಲಿ ಬರೆದ, ಕ್ಯಾಟಲಾಗಿಗೆ ಸ್ವೀನಿ ಮುನ್ನುಡಿ ಕೊಟ್ಟ. 1944ರ ಏಪ್ರಿಲ್‌ನಲ್ಲಿ ಸ್ವೀನಿಯ ಲೇಖನದೊಂದಿಗೆ ‘ದಿ ಶಿ-ವುಲ್ಫ್’ ಚಿತ್ರ ‘ಹಾರ್ಪರ್ಸ್ ಬಜಾರ್’ನಲ್ಲಿ ಅಚ್ಚಾಯಿತು. ಮೀನಮೇಷ ಎಣಿಸುತ್ತಿದ್ದ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್ ಆ ಚಿತ್ರವನ್ನು ಕೊಂಡಿತು. ಪೊಲಾಕ್‌ನ ಕೃತಿ ಮ್ಯೂಸಿಯಂ ಸೇರಿದ್ದು ಅದೇ ಮೊದಲು. ಬೇಡಿಕೆ ಇಲ್ಲದ ಚಿತ್ರಕಾರನಿಗೆ ಗ್ಯಾಲರಿ ಕಟ್ಟಿಕೊಟ್ಟ ಸರಪಳಿ ಇದು: ಮೊದಲು ಸಮಿತಿ, ಆಮೇಲೆ ಮುನ್ನುಡಿ, ವಿಮರ್ಶೆ, ಜನಪ್ರಿಯ ಪತ್ರಿಕೆಯಲ್ಲಿ ಬಣ್ಣದ ಪುಟ, ಕೊನೆಗೆ ಮ್ಯೂಸಿಯಂ. ಖಾಸಗಿ ಗಿರಾಕಿಗಳು ಇನ್ನೂ ದೂರ.

ಆರು ಮೀಟರ್ ಗೋಡೆ

ಕರಾರಿನ ಜೊತೆಗೇ ಬಂದ ಇನ್ನೊಂದು ಕೆಲಸ ಪೊಲಾಕ್‌ನ ಕೈಯನ್ನು ಬದಲಿಸಿತು. ಪೂರ್ವ 61ನೇ ಬೀದಿಯ ತನ್ನ ಮನೆಯ ಪ್ರವೇಶದ ಹಜಾರಕ್ಕೆ ಪೆಗ್ಗಿ ಒಂದು ಭಿತ್ತಿಚಿತ್ರ ಕೇಳಿದಳು. ಅದು ಬಾಡಿಗೆ ಮನೆ. ಗೋಡೆಯ ಮೇಲೆಯೇ ಬರೆಸಿದರೆ ಬಿಟ್ಟುಹೋಗುವಾಗ ಚಿತ್ರವೂ ಹೋಗುತ್ತದೆ. ಕ್ಯಾನ್ವಾಸ್ ಮೇಲೆ ಬರೆಸು ಎಂದವನು ಡ್ಯುಶಾಂ. ಆ ಒಂದು ಸಲಹೆಯಿಂದ ‘ಮ್ಯೂರಲ್’ ಇಂದು ಉಳಿದಿದೆ.

ಅಳತೆ 243 × 603 ಸೆಂಟಿಮೀಟರ್. ಪೊಲಾಕ್ ಮತ್ತು ಅವನ ಸಂಗಾತಿ ಲೀ ಕ್ರಾಸ್ನರ್ ಇದ್ದ ಪೂರ್ವ 8ನೇ ಬೀದಿಯ ಮನೆಯಲ್ಲಿ ಅಷ್ಟು ಉದ್ದದ ಗೋಡೆ ಇರಲಿಲ್ಲ. ಎರಡು ಕೋಣೆಗಳ ನಡುವಿನ ಅಡ್ಡಗೋಡೆಯನ್ನೇ ಒಡೆದು ತೆಗೆಯಬೇಕಾಯಿತು. ಅದುವರೆಗೆ ಅವನ ಚಿತ್ರಗಳು ಈಸೆಲ್ (ಚಿತ್ರ ನಿಲ್ಲಿಸುವ ಮರದ ಸ್ಟ್ಯಾಂಡ್) ಮೇಲೆ ಕೂರುವ ಗಾತ್ರದವು, ಒಂದೆಡೆ ನಿಂತರೆ ನಾಲ್ಕೂ ಅಂಚು ಕಾಣುತ್ತಿದ್ದವು. ಆರು ಮೀಟರ್ ಉದ್ದದ ಬಟ್ಟೆಯ ಮುಂದೆ ಕುಂಚ ಹಿಡಿದು ನಿಂತವನಿಗೆ ಅಂಚು ಕಾಣುವುದಿಲ್ಲ. ಮಣಿಕಟ್ಟಿನ ಗೆರೆ ಸಾಲದು, ಭುಜದಿಂದ, ಸೊಂಟದಿಂದ ಎಳೆಯಬೇಕು. ನಡೆಯುತ್ತಲೇ ಬರೆಯಬೇಕು. ಚಿತ್ರದ ಕೇಂದ್ರ ಎಂಬುದಕ್ಕೆ ಅರ್ಥ ಉಳಿಯುವುದಿಲ್ಲ, ಉಳಿಯುವುದು ಎಡದಿಂದ ಬಲಕ್ಕೆ ಹರಿಯುವ ಲಯ. ಇಲ್ಲಿ ಬೆಂಟನ್‌ನ ಕಂಬಗಳು ಕೈಹಿಡಿದವು. ‘ಮ್ಯೂರಲ್’ನಲ್ಲಿ ಕಪ್ಪು-ಕಂದು ಬಣ್ಣದ ಲಂಬ ಏಟುಗಳು ಸಾಲಾಗಿ ನಿಂತಿವೆ, ಹಳದಿ, ಗುಲಾಬಿ, ನೀಲಿಹಸಿರು ಸುರುಳಿಗಳು ಅವುಗಳ ಸುತ್ತ ಸುತ್ತುತ್ತವೆ.

ಇಡೀ ಚಿತ್ರವನ್ನು ಒಂದೇ ರಾತ್ರಿಯಲ್ಲಿ ಬರೆದ ಎಂಬ ದಂತಕಥೆ ಬಹುಕಾಲ ಓಡಿತು. ಕ್ರಾಸ್ನರ್‌ಳೂ ಪೆಗ್ಗಿಯೂ ಅದಕ್ಕೆ ಗಾಳಿ ಹಾಕಿದರು. 2012ರಿಂದ 2014ರವರೆಗೆ ಲಾಸ್ ಏಂಜಲೀಸ್‌ನ ಗೆಟ್ಟಿ ಸಂಸ್ಥೆಯಲ್ಲಿ ನಡೆದ ಪರೀಕ್ಷೆ ಮತ್ತು ಸಂರಕ್ಷಣೆ ಅದನ್ನು ಕೊನೆಗಾಣಿಸಿತು. ಮೊದಲ ಹಂತದಲ್ಲಿ ನಾಲ್ಕು ಬಣ್ಣಗಳನ್ನು ತೆಳುಮಾಡಿ, ಒಂದು ಒಣಗುವ ಮೊದಲೇ ಇನ್ನೊಂದನ್ನು ಎಳೆದಿದ್ದಾನೆ. ಆ ಹಂತ ಒಂದೇ ಬೀಸಿನಲ್ಲಿ ನಡೆದಿರಬಹುದು. ದಂತಕಥೆಯ ಬೇರು ಅಲ್ಲಿರಬಹುದು. ಆದರೆ ಮೇಲಿನ ಪದರಗಳು ಕೆಳಗಿನವು ಪೂರಾ ಒಣಗಿದ ಮೇಲೆ ಬಂದವು. ಎಣ್ಣೆ ಬಣ್ಣ ಹಾಗೆ ಒಣಗಲು ದಿನಗಳೇ ಬೇಕು. ಕೊನೆಯಲ್ಲಿ ಅಂಗಡಿಯಲ್ಲಿ ಸಿಗುವ ಅಗ್ಗದ ಬಿಳಿ ಬಣ್ಣವನ್ನು ಸಂದುಗಳಲ್ಲಿ ಹಚ್ಚಿ, ತುಂಬಿಹೋಗಿದ್ದ ಜಾಗಗಳನ್ನು ಮತ್ತೆ ತೆರೆದಿದ್ದಾನೆ. ಹಜಾರಕ್ಕೆ ಹಿಡಿಸದೆ ಒಂದು ತುದಿಯನ್ನು ಕತ್ತರಿಸಲಾಯಿತು ಎಂಬ ಇನ್ನೊಂದು ಕಥೆಗೂ ಕ್ಯಾನ್ವಾಸಿನ ಅಂಚಿನಲ್ಲಿ ಸಾಕ್ಷಿ ಸಿಗಲಿಲ್ಲ.

ಗುಲಾಬಿ ಬಣ್ಣದ ದಾರದಂಥ ಎಳೆಗಳು ಅಲ್ಲಲ್ಲಿ ಇವೆ. ಇವು ಕ್ಯಾನ್ವಾಸ್ ನೆಟ್ಟಗೆ ನಿಂತಿರುವಾಗಲೇ ಕುಂಚದಿಂದ ಚಿಮ್ಮಿಸಿದ ಎಣ್ಣೆ ಬಣ್ಣ. ಚಿಮ್ಮಿಸುವುದು ಬಂದಿತ್ತು, ನೆಲಕ್ಕೆ ಇಳಿಸುವುದು ಬಾಕಿ ಇತ್ತು.

ಮನೆ, ಸಾಲ, ಎರಡನೇ ಕರಾರು

1945ರ ಮಾರ್ಚ್-ಏಪ್ರಿಲ್‌ನಲ್ಲಿ ಎರಡನೇ ಏಕವ್ಯಕ್ತಿ ಪ್ರದರ್ಶನ. ತನ್ನ ಪೀಳಿಗೆಯಲ್ಲೇ ಇವನು ಎಲ್ಲರಿಗಿಂತ ಗಟ್ಟಿಗ ಎಂಬರ್ಥದಲ್ಲಿ ಗ್ರೀನ್‌ಬರ್ಗ್ ಬರೆದ. ಹೊಗಳಿಕೆ ಬಂದಷ್ಟು ದುಡ್ಡು ಬರಲಿಲ್ಲ. ನಗರದ ಕುಡಿತವೂ ಹದ್ದು ಮೀರಿತ್ತು.

ಅದೇ ಅಕ್ಟೋಬರ್ 25ರಂದು ಪೊಲಾಕ್-ಕ್ರಾಸ್ನರ್ ಮದುವೆಯಾದರು. ನವೆಂಬರಿನಲ್ಲಿ ಲಾಂಗ್ ಐಲೆಂಡಿನ ತುದಿಯ ಸ್ಪ್ರಿಂಗ್ಸ್ ಎಂಬ ಹಳ್ಳಿಗೆ ಹೋದರು. ಫೈರ್‌ಪ್ಲೇಸ್ ರಸ್ತೆಯ ಹಳೆಯ ಮನೆ, ಹಿತ್ತಲಲ್ಲೊಂದು ಕೊಟ್ಟಿಗೆ, ಆಚೆ ಅಕ್ಕಬೊನಾಕ್ ಹಳ್ಳ. ಬೆಲೆ 5,000 ಡಾಲರ್. ಅದರಲ್ಲಿ 3,000 ಬ್ಯಾಂಕಿನ ಸಾಲ, 2,000 ಕೈಯಿಂದ ಹಾಕಬೇಕು. ಆ 2,000ವನ್ನು ಪೆಗ್ಗಿಯ ಬಳಿ ಕೇಳಿದರು. ಮೊದಲು ಒಪ್ಪಲಿಲ್ಲ. ಬೇರೆ ಗ್ಯಾಲರಿಯ ಸ್ಯಾಮ್ ಕೂಟ್ಜ್, ಪೊಲಾಕ್ ತನ್ನ ಕಡೆ ಬಂದರೆ ಹಣ ಕೊಡಲು ಸಿದ್ಧನಿದ್ದಾನೆ ಎಂದು ತಿಳಿಸಿದ ಮೇಲೆ ಪೆಗ್ಗಿ ಸಿಟ್ಟಾಗಿ, ಆಮೇಲೆ ಕೊಟ್ಟಳು ಎಂದು ಕ್ರಾಸ್ನರ್ ಮುಂದೆ ಹೇಳಿಕೊಂಡಳು. ಈ ಸಂಸಾರದ ವ್ಯವಹಾರಗಳೆಲ್ಲ ಕ್ರಾಸ್ನರ್ ಕೈಯಲ್ಲಿದ್ದವು. ಪತ್ರ, ಫೋನು, ಚೌಕಾಸಿ, ಎಲ್ಲವೂ. ಅವಳೂ ಚಿತ್ರಕಾರಳೇ, ಗಂಡನಿಗಿಂತ ಮೊದಲೇ ಆಧುನಿಕ ಕಲೆಯನ್ನು ಅರೆದು ಕುಡಿದವಳು. ಆದರೆ ಪೆಗ್ಗಿಯ ಗ್ಯಾಲರಿಯಲ್ಲಿ ಅವಳಿಗೆ ಜಾಗವಿರಲಿಲ್ಲ.

ಸಾಲದ ಜೊತೆ ಹೊಸ ಕರಾರು ಬಂತು. ಎರಡು ವರ್ಷ, ತಿಂಗಳಿಗೆ 300 ಡಾಲರ್, ಅದರಲ್ಲಿ 50 ಸಾಲದ ಕಂತಿಗೆ ಮುರಿದುಕೊಂಡು ಕೈಗೆ 250. ಇದಕ್ಕೆ ಬದಲಾಗಿ ಪೊಲಾಕ್ ಮಾಡಿದ್ದೆಲ್ಲವೂ ಪೆಗ್ಗಿಗೆ ಸೇರತಕ್ಕದ್ದು. ವರ್ಷಕ್ಕೆ ಒಂದು ಚಿತ್ರ ಮಾತ್ರ ಅವನಿಗೆ.

ಮೊದಲ ಕರಾರಿಗೂ ಇದಕ್ಕೂ ವ್ಯತ್ಯಾಸ ದುಡ್ಡಿನ ಮೊತ್ತದಲ್ಲಿಲ್ಲ. ಮೊದಲನೆಯದರಲ್ಲಿ ಕೃತಿ ಚಿತ್ರಕಾರನದು, ಗ್ಯಾಲರಿ ದಲ್ಲಾಳಿ. ಮಾರಾಟ ಕುಂದಿದರೆ ಮಾತ್ರ ಕೃತಿ ಕೈ ಬದಲಿಸುತ್ತಿತ್ತು. ಎರಡನೆಯದರಲ್ಲಿ ಒಡೆತನ ಮೊದಲೇ ವರ್ಗವಾಯಿತು. ಬಿತ್ತನೆಗೆ ಮೊದಲೇ ಇಡೀ ಪೈರನ್ನು ಒಡೆಯನಿಗೆ ಬರೆದುಕೊಟ್ಟು ಒಂದು ಮೂಟೆ ಮನೆಗೆ ಉಳಿಸಿಕೊಳ್ಳುವ ಗೇಣಿಯಂಥ ಏರ್ಪಾಡು. ಸಾಲದ ಲೆಕ್ಕದಲ್ಲೂ ಒಂದು ತೊಡಕು: 2,000 ಡಾಲರ್ ಸಾಲಕ್ಕೆ ತಿಂಗಳಿಗೆ 50ರಂತೆ 40 ಕಂತು ಬೇಕು, ಕರಾರಿನ ಅವಧಿ 24 ತಿಂಗಳು. ಕರಾರು ಮುಗಿದಾಗಲೂ 800 ಡಾಲರಿನ ಬಾಕಿ ಉಳಿದೇ ಉಳಿಯುವಂತೆ ಅದನ್ನು ಹೆಣೆದಿದ್ದರು.

ಹಾಗಿದ್ದೂ ಪೊಲಾಕ್ ಸಹಿ ಹಾಕಿದ್ದು ತಪ್ಪೆನ್ನಲಾಗದು. ಮಾರುಕಟ್ಟೆಯೇ ಇಲ್ಲದ ಚಿತ್ರಗಳ ಒಡೆತನಕ್ಕಿಂತ ತಿಂಗಳ 250 ಡಾಲರ್ ಮತ್ತು ಕೊಟ್ಟಿಗೆ ಇರುವ ಮನೆ ಆಗ ಹೆಚ್ಚಿನ ಬೆಲೆಯವು. ಆ ಎರಡು ವರ್ಷಗಳಲ್ಲೇ ಅವನ ಕೆಲಸ ತಿರುವು ತೆಗೆದುಕೊಳ್ಳುತ್ತದೆ ಎಂದು ಊಹಿಸಲು ಯಾರಿಗೂ ಸಾಧ್ಯವಿರಲಿಲ್ಲ.

ಕೊಟ್ಟಿಗೆಯ ನೆಲ

ಮೊದಲ ಚಳಿಗಾಲ ಮನೆಯಲ್ಲಿ ಬಚ್ಚಲೂ ಇರಲಿಲ್ಲ. ಪೊಲಾಕ್ ಮಹಡಿಯ ಮಲಗುವ ಕೋಣೆಯಲ್ಲಿ ಕೆಲಸ ಮಾಡಿದ. ಅಲ್ಲಿ ‘ದಿ ಕೀ’ (1946) ಎಂಬ 150 × 208 ಸೆಂಟಿಮೀಟರ್ ಚಿತ್ರವನ್ನು ನೆಲದ ಮೇಲಿಟ್ಟು ಬರೆದ. ಗೋಡೆಯಿಂದ ಗೋಡೆಗೆ ಕೋಣೆಯನ್ನು ಅದು ಹೆಚ್ಚುಕಡಿಮೆ ತುಂಬಿಬಿಟ್ಟಿತ್ತು. 1946ರ ಬೇಸಿಗೆಯಲ್ಲಿ ಹಿತ್ತಲ ಕೊಟ್ಟಿಗೆಯನ್ನು ಪಕ್ಕಕ್ಕೆ ಸರಿಸಿ ಸ್ಟುಡಿಯೋ ಮಾಡಿಕೊಂಡ. ಹೀಟರ್ ಇಲ್ಲ, ಮರದ ಹಲಗೆಗಳ ನೆಲ, ಎತ್ತರದ ಕಿಟಕಿ.

ಬದಲಾವಣೆ ಹಂತಹಂತವಾಗಿ ಬಂತು. ‘ಶಿಮರಿಂಗ್ ಸಬ್‌ಸ್ಟೆನ್ಸ್’, ‘ಐಸ್ ಇನ್ ದಿ ಹೀಟ್’ಗಳಲ್ಲಿ (1946) ಆಕೃತಿ ಮಾಯವಾಗಿ, ಟ್ಯೂಬಿನಿಂದಲೇ ಹಿಂಡಿದ ದಪ್ಪ ಬಣ್ಣ ಅಂಚಿನಿಂದ ಅಂಚಿಗೆ ಒಂದೇ ಸಮ ಹರಡಿತು. 1947ರ ಜನವರಿ 14ರಂದು ತೆರೆದ ಪೆಗ್ಗಿಯ ಗ್ಯಾಲರಿಯಲ್ಲಿ ಅವನ ನಾಲ್ಕನೇ ಮತ್ತು ಕೊನೆಯ ಏಕವ್ಯಕ್ತಿ ಪ್ರದರ್ಶನದಲ್ಲಿ ಇದ್ದದ್ದು ಇವು. ಪ್ರದರ್ಶನ ಮುಗಿದ ಮೇಲಿನ ತಿಂಗಳುಗಳಲ್ಲಿ ಕುಂಚ ಬಟ್ಟೆಗೆ ತಾಗುವುದೇ ನಿಂತಿತು.

ವಿಧಾನ ಹೇಳಲು ಸುಲಭ, ಮಾಡಲು ಕಷ್ಟ. ಕ್ಯಾನ್ವಾಸನ್ನು ಚೌಕಟ್ಟಿಗೆ ಬಿಗಿಯದೆ ನೆಲಕ್ಕೆ ಹಾಸಬೇಕು. ಮನೆಗೆ ಬಳಿಯುವ ಎನಾಮೆಲ್ ಬಣ್ಣವನ್ನು ಡಬ್ಬಿಯಿಂದಲೇ, ಕೋಲು ಅಥವಾ ಒಣಗಿ ಗಟ್ಟಿಯಾದ ಕುಂಚದ ತುದಿಯಿಂದ ಬಿಡಬೇಕು. ಟ್ಯೂಬಿನ ಎಣ್ಣೆ ಬಣ್ಣ ಬೆಣ್ಣೆಯಂತಿದ್ದು ಹರಿಯುವುದಿಲ್ಲ, ತೆಳು ಮಾಡಿದರೆ ಮೈ ಕಳೆದುಕೊಳ್ಳುತ್ತದೆ. ಎನಾಮೆಲ್ ಮಾತ್ರ ಗಾಳಿಯಲ್ಲಿ ತುಂಡಾಗದೆ ಎಳೆಯಾಗಿ ಇಳಿಯುತ್ತದೆ, ಬಿದ್ದ ಮೇಲೆ ಹೊಳಪಿನೊಂದಿಗೆ ಸಮನಾಗಿ ಕೂರುತ್ತದೆ. ಅತಿ ಮಂದವಾದರೆ ಹನಿಹನಿಯಾಗಿ ಉಂಡೆಗಟ್ಟುತ್ತದೆ. ಅತಿ ತೆಳುವಾದರೆ ಬಟ್ಟೆ ಕುಡಿದು ಅಂಚು ಹಬ್ಬುತ್ತದೆ. ಕೈ ನಿಂತಲ್ಲಿ ಮಡುಗಟ್ಟುತ್ತದೆ, ಓಡಿದಲ್ಲಿ ಎಳೆ ಸಣ್ಣದಾಗುತ್ತದೆ. ದಪ್ಪ ಮಡುವಿನ ಮೇಲ್ಪದರ ಮೊದಲು ಒಣಗಿ, ಒಳಗಿನದು ಆಮೇಲೆ ಕುಗ್ಗುವುದರಿಂದ ಸುಕ್ಕು ಬೀಳುತ್ತದೆ. ಪೊಲಾಕ್ ಚಿತ್ರಗಳಲ್ಲಿ ಇಂಥ ಸುಕ್ಕುಗಳು ಹೇರಳ. ಒಂದು ಬಣ್ಣದ ಜಾಲದ ಮೇಲೆ ಇನ್ನೊಂದು ಜಾಲ ಸ್ವಚ್ಛವಾಗಿ ನಿಲ್ಲಬೇಕಾದರೆ ಕೆಳಗಿನದು ಒಣಗಬೇಕು, ಎರಡೂ ಬೆರೆತು ಅಮೃತಶಿಲೆಯಂತೆ ಗೆರೆಗೆರೆಯಾಗಬೇಕಾದರೆ ಹಸಿಯಿರುವಾಗಲೇ ಬಿಡಬೇಕು. ಎರಡನ್ನೂ ಅವನು ಬೇಕೆಂದಲ್ಲಿ ಬಳಸಿದ.

‘ಫುಲ್ ಫ್ಯಾದಮ್ ಫೈವ್’ (1947) ಈ ಹೊಸ ಗುಂಪಿನ ಆರಂಭದ ಚಿತ್ರಗಳಲ್ಲೊಂದು, 129 × 76 ಸೆಂಟಿಮೀಟರ್. ಹಸಿರು, ಬೆಳ್ಳಿ ಬಣ್ಣದ ಪದರಗಳ ಅಡಿಯಲ್ಲಿ ಮೊಳೆ, ಗುಂಡಿ, ಕೀಲಿಕೈ, ನಾಣ್ಯ, ಸಿಗರೇಟು, ಬೆಂಕಿಕಡ್ಡಿ ಹೂತಿವೆ. ‘ಆಲ್ಕೆಮಿ’ ಇದಕ್ಕಿಂತ ದೊಡ್ಡದು, 114 × 221. ಫ್ಲಾರೆನ್ಸಿನ ಸಂರಕ್ಷಣಾ ಸಂಸ್ಥೆಯೊಂದು ಅದನ್ನು ಪರೀಕ್ಷಿಸಿ ಶುಚಿಗೊಳಿಸಿದಾಗ ಅದರ ಮೇಲೆ ನಾಲ್ಕೂವರೆ ಕಿಲೋಗೂ ಹೆಚ್ಚು ಬಣ್ಣ ಇರುವುದು ತಿಳಿಯಿತು. ಹಿಂಡಿದ ಬಣ್ಣದ ಏಣುಗಳ ಸಂದಿನಲ್ಲಿ ದಶಕಗಳ ದೂಳು ಕೂತು ಹಳದಿ, ಬಿಳಿ, ಬೆಳ್ಳಿ ಎಲ್ಲ ಒಂದೇ ಬೂದಾಗಿದ್ದವು. ಇಂಥ ಮೇಲ್ಮೈಯನ್ನು ಬಟ್ಟೆಯಿಂದ ಒರೆಸುವಂತಿಲ್ಲ, ಇಂಚಿಂಚೇ ತೆಗೆಯಬೇಕು.

ಕೊಟ್ಟಿಗೆಯ ನೆಲವೂ ದಾಖಲೆಯೇ. ಬಟ್ಟೆಯ ಅಂಚು ದಾಟಿದ ಬಣ್ಣವೆಲ್ಲ ಹಲಗೆಗಳ ಮೇಲೆ ಬಿತ್ತು. 1953ರಲ್ಲಿ ಚಳಿಗೆಂದು ನೆಲಕ್ಕೆ ಗಟ್ಟಿ ಹಲಗೆ ಮುಚ್ಚಿದರು. 1980ರ ದಶಕದ ಕೊನೆಯಲ್ಲಿ ಅದನ್ನು ಎತ್ತಿದಾಗ ಸುರಿದ ಬಣ್ಣಗಳು ಹಾಗೇ ಸಿಕ್ಕವು. ಈಗ ಆ ಮನೆ ಪೊಲಾಕ್-ಕ್ರಾಸ್ನರ್ ಅಧ್ಯಯನ ಕೇಂದ್ರ. ಮೆತ್ತನೆಯ ಚಪ್ಪಲಿ ಹಾಕಿಕೊಂಡು ನೆಲದ ಮೇಲೆ ನಡೆಯಬಹುದು.

ಗ್ಯಾಲರಿ ಮುಚ್ಚಿದಾಗ

1947ರ ಮೇ ಕೊನೆಯಲ್ಲಿ ಪೆಗ್ಗಿ ಗ್ಯಾಲರಿ ಮುಚ್ಚಿ ಯುರೋಪಿಗೆ ಹೊರಟಳು. ಪೊಲಾಕ್‌ನ ಕರಾರು 1948ರ ಆರಂಭದವರೆಗೆ ಇತ್ತು. ಕರಾರನ್ನು ವಹಿಸಿಕೊಳ್ಳಿ ಎಂದು ಪೆಗ್ಗಿ ಹಲವು ಗ್ಯಾಲರಿಗಳನ್ನು ಕೇಳಿದಳು. ತಿಂಗಳಿಗೆ 300 ಕಟ್ಟಲು ಯಾರೂ ಮುಂದೆ ಬರಲಿಲ್ಲ. ಕೊನೆಗೆ ಅದೇ 57ನೇ ಬೀದಿಯ ಬೆಟ್ಟಿ ಪಾರ್ಸನ್ಸ್ ಪ್ರದರ್ಶನ ಮಾತ್ರ ಮಾಡಿಕೊಡಲು ಒಪ್ಪಿದಳು. ಅವಧಿ ಮುಗಿಯುವವರೆಗೆ ಹಣ ಕೊಡುವುದು ಪೆಗ್ಗಿ, ತೂಗುಹಾಕುವುದು ಪಾರ್ಸನ್ಸ್, ಮಾರಾಟವಾದರೆ ಪಾರ್ಸನ್ಸ್‌ಗೆ ಕಮಿಷನ್, ಉಳಿದದ್ದು ಪೆಗ್ಗಿಗೆ. ಚಿತ್ರ ಬರೆದವನು ಈ ಲೆಕ್ಕದಲ್ಲೇ ಇಲ್ಲ.

1948ರ ಜನವರಿ 5ರಂದು ಪಾರ್ಸನ್ಸ್ ಗ್ಯಾಲರಿಯಲ್ಲಿ ಸುರಿದ ಚಿತ್ರಗಳು ಮೊದಲ ಬಾರಿ ಸಾರ್ವಜನಿಕರಿಗೆ ಕಂಡವು. ವಿಮರ್ಶಕರು ಗೊಂದಲಗೊಂಡರು, ಮಾರಾಟ ನಿರಾಶಾದಾಯಕ. ಕರಾರು ಮುಗಿದು ತಿಂಗಳ ಹಣ ನಿಂತಾಗ ಮಾರಲು ಪೊಲಾಕ್ ಕೈಯಲ್ಲಿ ಹಳೆಯ ದಾಸ್ತಾನಿರಲಿಲ್ಲ. ಸಾಮಾನ್ಯವಾಗಿ ಚಿತ್ರಕಾರನ ಹೆಸರು ಏರುವಾಗ ಅವನನ್ನು ಹಿಡಿದೆತ್ತುವುದು ಹಿಂದಿನ ವರ್ಷಗಳಲ್ಲಿ ಮಾರದೆ ಉಳಿದ ಕೃತಿಗಳು. ಆ ಆಸರೆ ಅವನಿಗೆ ಇಲ್ಲವಾಯಿತು. ಆ ಚಳಿಗಾಲ ದಿನಸಿ ಅಂಗಡಿಯ ಸಾಲಕ್ಕೆ ಚಿತ್ರ ಕೊಟ್ಟು ತೀರಿಸಿದ ಪ್ರಸಂಗವೂ ಬಂತು. ಅದಕ್ಕೆ ಮೊದಲು ಗುಗೆನ್‌ಹೈಮ್ ಫೌಂಡೇಶನ್‌ಗೆ ಫೆಲೋಶಿಪ್ ಅರ್ಜಿ ಹಾಕಿದ್ದ. ಈಸೆಲ್ ಚಿತ್ರಕ್ಕೂ ಭಿತ್ತಿಚಿತ್ರಕ್ಕೂ ನಡುವಿನ, ಸಾಗಿಸಬಹುದಾದ ದೊಡ್ಡ ಚಿತ್ರಗಳನ್ನು ಮಾಡುವುದು ಅದರಲ್ಲಿ ಹೇಳಿದ ಯೋಜನೆ, ಅಂದರೆ ‘ಮ್ಯೂರಲ್’ ಕಲಿಸಿದ ಪಾಠ. ಅರ್ಜಿ ತಿರಸ್ಕೃತವಾಯಿತು. 1948ರಲ್ಲಿ ಎಬನ್ ಡೆಮರೆಸ್ಟ್ ನಿಧಿಯಿಂದ ಬಂದ 1,500 ಡಾಲರ್ ಆ ವರ್ಷವನ್ನು ದಾಟಿಸಿತು.

ಪಾರ್ಸನ್ಸ್ ಜೊತೆಗಿನ ಮುಂದಿನ ಒಪ್ಪಂದ ಸಾದಾ: ಮೂರನೇ ಒಂದು ಕಮಿಷನ್, ಒಡೆತನ ಚಿತ್ರಕಾರನದು, ಮಾಸಿಕ ಹಣ ಇಲ್ಲ. ಇದರ ಏರಿಳಿತ ತೀವ್ರ. 1949ರ ಆಗಸ್ಟ್‌ನಲ್ಲಿ ‘ಲೈಫ್’ ಪತ್ರಿಕೆ ಅವನ ಬಗ್ಗೆ ಬರೆದ ಮೇಲೆ ನವೆಂಬರಿನ ಪ್ರದರ್ಶನದಲ್ಲಿ 27ರಲ್ಲಿ 18 ಮಾರಾಟವಾದವು. ಮುಂದಿನ ವರ್ಷ 32 ಚಿತ್ರಗಳಲ್ಲಿ ಹೋದದ್ದು ಒಂದೇ: ‘ಲ್ಯಾವೆಂಡರ್ ಮಿಸ್ಟ್’, ಸ್ನೇಹಿತ ಅಲ್ಫೊನ್ಸೊ ಒಸ್ಸೊರಿಯೊಗೆ, 1,500 ಡಾಲರಿಗೆ. ಆ ಪ್ರದರ್ಶನದಲ್ಲೇ ‘ಒನ್’, ‘ಆಟಮ್ ರಿದಮ್’ ಇದ್ದವು, ಒಂದೊಂದೂ ಐದು ಮೀಟರ್ ದಾಟಿದ ಅಗಲ. ಮನೆಯ ಗೋಡೆಗೆ ಅವು ಹಿಡಿಸುವುದಿಲ್ಲ, ಮ್ಯೂಸಿಯಂಗಳು ಇನ್ನೂ ಸಿದ್ಧವಿಲ್ಲ. 1952ರಲ್ಲಿ ಪೊಲಾಕ್ ಸಿಡ್ನಿ ಜಾನಿಸ್ ಗ್ಯಾಲರಿಗೆ ಹೋದ. 1956ರ ಆಗಸ್ಟ್ 11ರಂದು ಸ್ಪ್ರಿಂಗ್ಸ್‌ನಲ್ಲಿ ಕಾರು ಅಪಘಾತದಲ್ಲಿ ಸತ್ತ. ಮರುವರ್ಷ ‘ಆಟಮ್ ರಿದಮ್’ ಅನ್ನು ಮೆಟ್ರೊಪಾಲಿಟನ್ ಮ್ಯೂಸಿಯಂ 30,000 ಡಾಲರಿಗೆ ಕೊಂಡಿತು.

ಲೆಕ್ಕ ಯಾರ ಕಡೆ ವಾಲಿತು

ಮಾಸಿಕ ಮೊತ್ತಗಳನ್ನು ಕೂಡಿಸಿದರೆ ಪೆಗ್ಗಿ ನಾಲ್ಕೂವರೆ ವರ್ಷಗಳಲ್ಲಿ ಪೊಲಾಕ್‌ಗೆ ಕೊಟ್ಟದ್ದು ಅಂದಾಜು 12,000 ಡಾಲರ್. ಪಡೆದದ್ದು ಅವನ ಆ ಕಾಲದ ಹೆಚ್ಚುಕಡಿಮೆ ಎಲ್ಲ ಕೆಲಸ. ಇದನ್ನು ಶೋಷಣೆ ಎಂದು ಬಣ್ಣಿಸುವುದು ಇಂದಿನ ಹರಾಜಿನ ಬೆಲೆಗಳನ್ನು ನೋಡಿ. ಪೆಗ್ಗಿ ಸ್ವತಃ ಅವನ್ನು ಚಿನ್ನವೆಂದು ಕಂಡವಳಲ್ಲ. ‘ಮ್ಯೂರಲ್’ ಅನ್ನು ಅಯೋವಾ ವಿಶ್ವವಿದ್ಯಾಲಯಕ್ಕೆ ಕೊಟ್ಟಳು, ಸಾಗಣೆ ಖರ್ಚಿನ ಮಾತುಕತೆಯಲ್ಲೇ ಕಾಲ ಕಳೆದು ಅದು ಅಲ್ಲಿಗೆ ತಲುಪಿದ್ದು 1951ರಲ್ಲಿ. ‘ಫುಲ್ ಫ್ಯಾದಮ್ ಫೈವ್’ 1952ರಲ್ಲಿ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್‌ಗೆ ದಾನ. ಇನ್ನೂ ಹಲವನ್ನು ಹೀಗೆಯೇ ಹಂಚಿದಳು. ತಾನು ನೆಲೆಸಿದ ವೆನಿಸ್ಸಿನಲ್ಲಿ ಉಳಿಸಿಕೊಂಡದ್ದರಲ್ಲಿ ‘ಆಲ್ಕೆಮಿ’, ‘ಐಸ್ ಇನ್ ದಿ ಹೀಟ್’, ‘ಎನ್‌ಚಾಂಟೆಡ್ ಫಾರೆಸ್ಟ್’ ಸೇರಿವೆ. 1950ರಲ್ಲಿ ವೆನಿಸ್ಸಿನ ಕೊರೆರ್ ಮ್ಯೂಸಿಯಂನಲ್ಲಿ ಅವಳೇ ಏರ್ಪಡಿಸಿದ ಪ್ರದರ್ಶನದಿಂದ ಯುರೋಪು ಪೊಲಾಕ್‌ನನ್ನು ಮೊದಲ ಬಾರಿ ಇಡಿಯಾಗಿ ಕಂಡಿತು. ಗ್ಯಾಲರಿ ಇಲ್ಲದಿದ್ದರೂ ಗ್ಯಾಲರಿಯ ಕೆಲಸ ನಡೆದೇ ಇತ್ತು.

ಕರಾರಿನಲ್ಲಿ ನಿಜವಾಗಿ ಕೊರತೆಯಿದ್ದದ್ದು ಎರಡು ಕಡೆ. ಗ್ಯಾಲರಿ ಮಧ್ಯದಲ್ಲಿ ಮುಚ್ಚಿದರೆ ಒಡೆತನವೂ ಹಣವೂ ಏನಾಗಬೇಕು ಎಂಬುದಕ್ಕೆ ಚಿತ್ರಕಾರನ ಪರವಾದ ಏರ್ಪಾಡು ಅದರಲ್ಲಿರಲಿಲ್ಲ. ಇದರ ಪೆಟ್ಟು ತಿಂದವನು ಪೊಲಾಕ್. ಇನ್ನೊಂದು, ಯಾವ ಕೃತಿ ಯಾವಾಗ ಮುಗಿದು ಯಾರಿಗೆ ಹೋಯಿತು ಎಂದು ಎರಡೂ ಕಡೆಯವರು ಸಹಿ ಹಾಕಿದ ಪಟ್ಟಿಯನ್ನು ಆಗಿಂದಾಗ್ಗೆ ಇಡಲಿಲ್ಲ. ಕರಾರು ‘ಎಲ್ಲ’ ಕೃತಿಗಳ ಮೇಲೆ ಹಕ್ಕು ಕೊಟ್ಟರೆ ಆ ಎಲ್ಲದರ ಎಣಿಕೆ ಬೇಕೇ ಬೇಕು, ಅದರಲ್ಲೂ ಒಂದೇ ವರ್ಷದಲ್ಲಿ ಹತ್ತಾರು ಕ್ಯಾನ್ವಾಸುಗಳು ಶೀರ್ಷಿಕೆಯೂ ಇಲ್ಲದೆ ಕೊಟ್ಟಿಗೆಯಿಂದ ಹೊರಬರುವಾಗ. ಇದರ ಪೆಟ್ಟು ಪೆಗ್ಗಿಗೆ ಬಿತ್ತು. 1946-47ರಲ್ಲಿ ಮಾಡಿದ ಕೆಲವು ಕೃತಿಗಳನ್ನು ತನಗೆ ಒಪ್ಪಿಸದೆ ಮುಚ್ಚಿಟ್ಟರು ಎಂದು ಅವಳು 1961ರಲ್ಲಿ ಕ್ರಾಸ್ನರ್ ಮೇಲೆ 1,22,000 ಡಾಲರಿನ ದಾವೆ ಹೂಡಿದಳು. ಹದಿನಾಲ್ಕು ವರ್ಷ ಹಿಂದಿನ ಚಿತ್ರ ಯಾವ ತಿಂಗಳು ಒಣಗಿತು ಎಂದು ಕೋರ್ಟಿನಲ್ಲಿ ತೋರಿಸುವುದು ಹೇಗೆ? ದಾವೆ 1965ರವರೆಗೆ ಎಳೆದು ರಾಜಿಯಾಯಿತು. ಪೆಗ್ಗಿಯ ಪಾಲಿಗೆ ಬಂದದ್ದು ಕೆಲವೇ ನೂರು ಡಾಲರ್ ಬೆಲೆಕಟ್ಟಿದ ಸಣ್ಣ ಕೃತಿಗಳು.